ಕಲಾವಿದ ಗುರುದತ್ತ: ಬಾಳು ಮತ್ತು ಪಾಠ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಬೇವೂರು)

ದೇಹಕ್ಕೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿದವರಿಗೆಲ್ಲ ತಿಳಿಯುತ್ತದೆ. ಮನಸ್ಸಿಗೆ ಬಂದ ಜ್ವರವನ್ನು ಮುಟ್ಟಿ ನೋಡುವ ಬಗೆ ನಮಗೆ ತಿಳಿಯದು. ಕೈ ಮುರಿದವನನ್ನು ಊರೆಲ್ಲ ವಿಚಾರಿಸುತ್ತದೆ. ಮನಸ್ಸು ಮುರಿದವನು ನಮ್ಮ ಪಂಕ್ತಿಯಲ್ಲೇ ಕುಳಿತು ಉಣ್ಣುತ್ತಿದ್ದರೂ ಅವನನ್ನು ಕೇಳುವವರಿಲ್ಲ. ಒಂದು ದಿನ ಅವನು ಇಲ್ಲವಾದನೆಂದು ಕೇಳಿದಾಗ ನಾವು ಬೆಚ್ಚಿಬೀಳುತ್ತೇವೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಸಂಗತಿ ನೆನಪಾಗುತ್ತದೆ. ಅವನು ರಾತ್ರಿಯೆಲ್ಲ ಎಚ್ಚರಿರುತ್ತಿದ್ದನೆಂದು ಒಬ್ಬರು, ಈಚೆಗೆ ಮಾತೇ ಬಿಟ್ಟಿದ್ದನೆಂದು ಮತ್ತೊಬ್ಬರು ಹೇಳುತ್ತಾರೆ. ಎಲ್ಲವೂ ಮೊದಲೇ ಕಣ್ಣಿಗೆ ಬಿದ್ದಿದ್ದವು. ಕಂಡದ್ದರ ಅರ್ಥ ಮಾತ್ರ ಯಾರಿಗೂ ಆಗಿರಲಿಲ್ಲ.

ಭಾರತದ ಚಲನಚಿತ್ರ ಕಲೆಗೆ ಹೊಸ ಹಾದಿ ತೋರಿದ ಗುರುದತ್ತರ ಬಾಳು ಇದಕ್ಕೊಂದು ದೊಡ್ಡ ನಿದರ್ಶನ. ಅವರನ್ನು ಹಿಂದಿ ಚಿತ್ರಗಳ ನಟರೆಂದೂ ನಿರ್ದೇಶಕರೆಂದೂ ಬಲ್ಲವರು ಬಹಳ ಮಂದಿ. ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಅವರ ತಾಯಿ ಕನ್ನಡದಲ್ಲಿ ಬರೆದವರು, ಅವರ ಚಿತ್ರಗಳಿಗೆ ಬೆಳಕು ಕೊಟ್ಟ ಛಾಯಾಗ್ರಾಹಕರು ಮೈಸೂರಿನವರು ಎಂಬುದನ್ನು ಬಲ್ಲವರು ಕಡಿಮೆ. ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುವ ಉದ್ದೇಶ ಹೊಗಳಿಕೆಯಲ್ಲ. ಆ ಬಾಳಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಅಪಾಯದ ಗುರುತುಗಳನ್ನು ಅರಿತರೆ, ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತವನ ಪ್ರಾಣವನ್ನಾದರೂ ನಾವು ಉಳಿಸಿಕೊಂಡೇವು ಎಂಬುದೇ ಈ ಲೇಖನದ ಆಸೆ.

ಗುರುದತ್ತರು 1925ನೆಯ ಇಸವಿ ಜುಲೈ 9ರಂದು ಜನಿಸಿದರು. ಹೆತ್ತವರು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಒಂದು ಅಪಘಾತಕ್ಕೆ ಸಿಕ್ಕಿ ಉಳಿದುಕೊಂಡ ಮಗುವಿಗೆ ಹೆಸರು ಬದಲಿಸುವುದು ಶುಭವೆಂದು ಹಿರಿಯರು ಗುರುದತ್ತನೆಂದು ಕರೆದರು. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಾಸಂತಿ. ಪಡುಕೋಣೆ ಎಂಬುದು ಕುಂದಾಪುರದ ಕಡೆಯ ಒಂದು ಊರು. ಆ ಊರಿನ ಹೆಸರೇ ಈ ಸಾರಸ್ವತ ಮನೆತನದ ಹೆಸರಾಯಿತು. ಗುರುದತ್ತರು ಹುಟ್ಟಿದಾಗ ತಾಯಿಗೆ ಇನ್ನೂ ಹದಿನಾರರ ಹರೆಯ. ಆ ತಾಯಿ ಮುಂದೆ ಶಿಕ್ಷಕಿಯಾಗಿ ದುಡಿದು ಮನೆಗೆ ಆಸರೆಯಾದರು. ಕನ್ನಡದಲ್ಲಿ ಕತೆಗಳನ್ನು ಬರೆದರು. ಬಂಗಾಳಿಯಿಂದ ಕನ್ನಡಕ್ಕೆ ಅನುವಾದ ಮಾಡಿದರು. ಮಗ ತೀರಿಕೊಂಡ ಮೇಲೆ ಆತನ ಜೀವನವನ್ನು ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವಾಗಿ ಬರೆದವರೂ ಅವರೇ. ಮಗನ ಚರಿತ್ರೆಯನ್ನು ತಾಯಿ ಬರೆಯಬೇಕಾಗಿ ಬಂತೆಂಬ ಒಂದು ಮಾತೇ ಆ ದುಃಖದ ಆಳವನ್ನು ತೋರಿಸುತ್ತದೆ.

ಬಾಲ್ಯ ಕಳೆದದ್ದು ಕಲಕತ್ತೆಯಲ್ಲಿ. ಮನೆಯಲ್ಲಿ ಹಣದ ಅಡಚಣೆ ಸದಾ ಇತ್ತು. ಬಂಗಾಳದ ನಾಟಕ, ಹಾಡು, ಹಬ್ಬಗಳು ಹುಡುಗನ ಮನಸ್ಸನ್ನು ತುಂಬಿದವು. ಸಿನಿಮಾ ಭಿತ್ತಿಪತ್ರಗಳನ್ನು ಬರೆಯುತ್ತಿದ್ದ ಬಂಧು ಬಿ. ಬಿ. ಬೆನಗಲ್ ಅವರ ಒಡನಾಟ ಅವನಿಗೆ ಚಿತ್ರದ ಕಣ್ಣನ್ನು ಕೊಟ್ಟಿತು. ಹುಡುಗ ಓದಿನಲ್ಲಿ ಹಿಂದೆ ಬಿದ್ದವನಲ್ಲ. ಆದರೂ ಮೆಟ್ರಿಕ್ಯುಲೇಷನ್ ಮುಗಿದ ಮೇಲೆ ಕಾಲೇಜಿಗೆ ಕಳುಹಿಸುವ ಶಕ್ತಿ ಮನೆಗೆ ಇರಲಿಲ್ಲ. ಇಂದು ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಹತ್ತಿರುವ ಕಾಲೇಜಿನ ಮೆಟ್ಟಿಲನ್ನು ಆ ಮಹಾಕಲಾವಿದ ಹತ್ತಲಾಗಲಿಲ್ಲ.

ಹದಿಹರೆಯದಲ್ಲೇ ಗುರುದತ್ತರು ಹಿಮಾಲಯದ ಮಡಿಲಿನ ಆಲ್ಮೋರಕ್ಕೆ ಹೋಗಿ, ನೃತ್ಯಕಲಾವಿದ ಉದಯಶಂಕರರ ಕಲಾಕೇಂದ್ರದಲ್ಲಿ ನೃತ್ಯ ಕಲಿತರು. ಅದೇ ವರ್ಷಗಳಲ್ಲಿ ಕೆಲಕಾಲ ಕಲಕತ್ತೆಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿಯೂ ದುಡಿದರು. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸ ಸಿಕ್ಕಿತು. ದೇವ್ ಆನಂದರ ಸ್ನೇಹ ಬೆಳೆದದ್ದು ಅಲ್ಲಿಯೇ. ಇವರಲ್ಲಿ ಯಾರು ಮೊದಲು ಮೇಲೆ ಬಂದರೂ ಇನ್ನೊಬ್ಬನಿಗೆ ಕೈಕೊಡಬೇಕೆಂದು ಇಬ್ಬರು ತರುಣರೂ ಮಾತು ಕೊಟ್ಟುಕೊಂಡರು. ಕರಾರು ಮುಗಿದ ಮೇಲೆ ಸುಮಾರು ಹತ್ತು ತಿಂಗಳು ಗುರುದತ್ತರಿಗೆ ಕೆಲಸವಿರಲಿಲ್ಲ. ಮುಂಬಯಿಯ ಮಾಟುಂಗದ ಮನೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕತೆಗಳನ್ನು ಬರೆದರು. ಮುಂದೆ ‘ಪ್ಯಾಸಾ’ ಚಿತ್ರವಾಗಿ ಬೆಳೆದ ಕತೆ ಹುಟ್ಟಿದ್ದು ಆ ನಿರುದ್ಯೋಗದ ದಿನಗಳಲ್ಲಿ.

ದೇವ್ ಆನಂದ್ ತಮ್ಮ ಮಾತನ್ನು ಉಳಿಸಿಕೊಂಡರು. 1951ರಲ್ಲಿ ‘ಬಾಜಿ’ ಚಿತ್ರವನ್ನು ನಿರ್ದೇಶಿಸುವ ಭಾರವನ್ನು ಗೆಳೆಯನಿಗೆ ಒಪ್ಪಿಸಿದರು. ಚಿತ್ರ ಗೆದ್ದಿತು. ಅದೇ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೈಸೂರಿನ ವಿ. ಕೆ. ಮೂರ್ತಿಯವರ ಕೈಚಳಕವನ್ನು ಗುರುದತ್ತರು ಗುರುತಿಸಿದರು. ಮುಂದಿನ ‘ಜಾಲ್’ ಚಿತ್ರದಿಂದ ಮೂರ್ತಿಯವರೇ ಅವರ ಛಾಯಾಗ್ರಾಹಕರು. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಈ ಕನ್ನಡಿಗರಿಗೆ ಬಹಳ ವರ್ಷಗಳ ತರುವಾಯ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ‘ಬಾಜಿ’ಯ ಹಾಡುಗಳ ಧ್ವನಿಮುದ್ರಣದ ವೇಳೆಗೆ ಗಾಯಕಿ ಗೀತಾ ರಾಯ್ ಅವರ ಪರಿಚಯವಾಯಿತು. 1953ರ ಮೇ 26ರಂದು ಅವರಿಬ್ಬರ ವಿವಾಹವಾಯಿತು. ಮೂವರು ಮಕ್ಕಳಾದರು. ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಸಿ.ಐ.ಡಿ.’ ಒಂದರ ಹಿಂದೆ ಒಂದು ಜನಪ್ರಿಯವಾದವು. ಹಣ, ಹೆಸರು, ಮನೆ, ಮಕ್ಕಳು ಎಲ್ಲವೂ ಎಳೆಯ ವಯಸ್ಸಿನಲ್ಲೇ ಬಂದು ಸೇರಿದ್ದವು.

1957ರಲ್ಲಿ ಬಂದ ‘ಪ್ಯಾಸಾ’ ಗುರುದತ್ತರ ಕೀರ್ತಿಯ ಶಿಖರ. ಬದುಕಿದ್ದಾಗ ತಿರಸ್ಕೃತನಾಗಿ, ಸತ್ತನೆಂದು ತಿಳಿದ ಮೇಲೆ ಪೂಜಿತನಾಗುವ ಕವಿಯ ಕತೆ ಅದು. ನಾಯಕನ ಪಾತ್ರವನ್ನು ಅವರೇ ಮಾಡಿದರು. 2005ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಸಾರ್ವಕಾಲಿಕ ನೂರು ಚಿತ್ರಗಳನ್ನು ಆರಿಸಿದಾಗ ಅದರಲ್ಲಿ ‘ಪ್ಯಾಸಾ’ವೂ ಇತ್ತು. ಆದರೆ ಈ ಚಿತ್ರ ತಯಾರಾಗುತ್ತಿದ್ದ ಕಾಲದಲ್ಲಿಯೇ ಗುರುದತ್ತರು ಒಮ್ಮೆ ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳಲು ಯತ್ನಿಸಿದ್ದರೆಂದು ಅವರ ಆಪ್ತರು ಆಮೇಲೆ ತಿಳಿಸಿದ್ದಾರೆ.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಸೋತವನಿಗೆ ಮಾತ್ರ ಇಂಥ ಯೋಚನೆ ಬರುತ್ತದೆಂದು ನಾವು ತಿಳಿದಿದ್ದೇವೆ. ಗುರುದತ್ತರು ಆಗ ಸೋತಿರಲಿಲ್ಲ. ತಮ್ಮ ಶ್ರೇಷ್ಠ ಕೃತಿಯನ್ನು ರಚಿಸುತ್ತಿದ್ದರು. ಗೆಲುವು ಮನಸ್ಸಿನ ನೋವಿಗೆ ಮದ್ದಲ್ಲ. ತರಗತಿಗೆ ಮೊದಲಿಗನಾದವನಿಗೆ ಚಿಂತೆಯೇ ಇಲ್ಲವೆಂದು ನಾವು ಭಾವಿಸುವುದು ತಪ್ಪು. ಎರಡನೆಯ ಮಾತು ಇನ್ನೂ ಮುಖ್ಯವಾದದ್ದು. ಒಮ್ಮೆ ಇಂಥ ಯತ್ನ ಮಾಡಿ ಉಳಿದವರು ಮುಂದೆಯೂ ಹೆಚ್ಚಿನ ಅಪಾಯದಲ್ಲಿರುತ್ತಾರೆಂದು ವೈದ್ಯಶಾಸ್ತ್ರ ಹೇಳುತ್ತದೆ. ಗುರುತುಗಳಲ್ಲೆಲ್ಲ ಇದೇ ದೊಡ್ಡ ಗುರುತು. ಆದರೆ ನಮ್ಮ ಮನೆಗಳಲ್ಲಿ ಅದು ಆದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊಟ್ಟೆನೋವು ಬಂದಿತ್ತೆಂದೋ ಜ್ವರ ಬಂದಿತ್ತೆಂದೋ ಊರಿಗೆ ಹೇಳಿ, ಕಂಟಕ ಕಳೆಯಿತೆಂದು ಎಲ್ಲರೂ ಸುಮ್ಮನಾಗುತ್ತೇವೆ. ಕಂಟಕ ಕಳೆದಿರುವುದಿಲ್ಲ, ಅಂದಿನಿಂದಲೇ ನಾವು ಎಚ್ಚರವಾಗಿರಬೇಕು.

‘ಪ್ಯಾಸಾ’ದ ಬಳಿಕ 1959ರಲ್ಲಿ ‘ಕಾಗಜ್ ಕೇ ಫೂಲ್’ ಬಂದಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಇದು. ಕೀರ್ತಿಯನ್ನೂ ಕುಟುಂಬವನ್ನೂ ಕಳೆದುಕೊಂಡ ಚಿತ್ರ ನಿರ್ದೇಶಕನೊಬ್ಬ ಕೊನೆಗೆ ಬರಿದಾದ ಸ್ಟುಡಿಯೋದಲ್ಲಿ ಕೊನೆಯುಸಿರೆಳೆಯುವುದೇ ಇದರ ಕತೆ. ಕತ್ತಲಿನ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲನ್ನು ವಿ. ಕೆ. ಮೂರ್ತಿಯವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಸೃಷ್ಟಿಸಿದರು. ಇಂದಿಗೂ ಚಿತ್ರವಿದ್ಯಾರ್ಥಿಗಳು ಅದನ್ನು ಅಭ್ಯಾಸ ಮಾಡುತ್ತಾರೆ. ಆದರೆ ಅಂದಿನ ಪ್ರೇಕ್ಷಕರು ಚಿತ್ರವನ್ನು ಒಪ್ಪಲಿಲ್ಲ. ಗುರುದತ್ತರ ಮನಸ್ಸಿಗೆ ಬಹಳ ಪೆಟ್ಟಾಯಿತು. ಅಂದಿನಿಂದ ನಿರ್ದೇಶಕನೆಂದು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಸಲಿಲ್ಲ.

ಈ ಸೋಲೇ ಅವರನ್ನು ಕೊಂದಿತೆಂದು ಬರೆಯುವವರಿದ್ದಾರೆ. ಅದು ಅಷ್ಟು ಸುಲಭವಾದ ಮಾತಲ್ಲ. ಮರುವರ್ಷವೇ ಅವರ ಸಂಸ್ಥೆಯಿಂದ ಬಂದ ‘ಚೌದವೀ ಕಾ ಚಾಂದ್’ ಭಾರಿ ಯಶಸ್ಸು ಗಳಿಸಿ ನಷ್ಟವನ್ನೆಲ್ಲ ತುಂಬಿಕೊಟ್ಟಿತು. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಪ್ರಶಸ್ತಿಗಳನ್ನು ಗೆದ್ದಿತು. ಒಬ್ಬ ಮನುಷ್ಯ ಬದುಕಿಗೆ ಬೆನ್ನು ತಿರುಗಿಸುವುದಕ್ಕೆ ಒಂದೇ ಕಾರಣವೆಂಬುದು ಇರುವುದೇ ಅಪರೂಪ. ಪರೀಕ್ಷೆಯಲ್ಲಿ ನಪಾಸಾಗಿ ಹೀಗೆ ಮಾಡಿಕೊಂಡನೆಂದು ನಾವು ಹೇಳುವಾಗ, ಆ ಪರೀಕ್ಷೆಗೂ ಮೊದಲು ಎಷ್ಟು ದಿನದಿಂದ ಅವನು ಒಳಗೊಳಗೇ ಬೇಯುತ್ತಿದ್ದನೆಂಬುದನ್ನು ಮರೆಯುತ್ತೇವೆ. ನಪಾಸಾದ ಸಾವಿರಾರು ಮಂದಿ ಮತ್ತೆ ಕಟ್ಟಿ ಪಾಸಾಗುತ್ತಾರೆ. ಮೊದಲೇ ಭಾರ ಹೊತ್ತು ಬಳಲಿದವನಿಗೆ ಮಾತ್ರ ಕೊನೆಯ ಒಂದು ಕಡ್ಡಿಯೂ ಬೆಟ್ಟವಾಗುತ್ತದೆ.

ಗುರುದತ್ತರ ಒಳಗಿನ ಬಳಲಿಕೆ ಹೊರಗೂ ಕಾಣಿಸುತ್ತಿತ್ತು. ಅವರಿಗೆ ನಿದ್ದೆ ಬರುತ್ತಿರಲಿಲ್ಲ. ನಿದ್ದೆಗೆಂದು ಮಾತ್ರೆ, ಮರೆವಿಗೆಂದು ಮದ್ಯ ಎಂಬಂತೆ ದಿನಗಳು ಕಳೆದವು. ಆರಂಭಿಸಿದ ಚಿತ್ರಗಳನ್ನು ಅರ್ಧಕ್ಕೆ ಬಿಡುತ್ತಿದ್ದರು. ದಾಂಪತ್ಯದಲ್ಲಿ ಬಿರುಕು ಮೂಡಿತು. ಅದರಲ್ಲಿ ಯಾರ ತಪ್ಪು ಎಷ್ಟು ಎಂದು ಅಳೆಯುವುದು ನಮ್ಮ ಕೆಲಸವಲ್ಲ, ಇಬ್ಬರೂ ನೊಂದವರೇ. 1963ರಲ್ಲಿ ಮುಂಬಯಿಯ ಪಾಲಿ ಹಿಲ್‌ನಲ್ಲಿದ್ದ ತಮ್ಮ ಬಂಗಲೆಯನ್ನು ಅವರು ಕೆಡವಿಸಿಬಿಟ್ಟರು. ಮನೆ ಹೋದ ಮೇಲೆ ಸಂಸಾರ ಮತ್ತೆ ಒಂದೇ ಸೂರಿನಡಿ ನೆಲೆನಿಲ್ಲಲಿಲ್ಲ. ಕೊನೆಗೆ ಪೆಡ್ಡರ್ ರಸ್ತೆಯ ಒಂದು ಬಾಡಿಗೆ ಮನೆಯಲ್ಲಿ, ಹೆಂಡತಿ ಮಕ್ಕಳಿಂದ ದೂರವಾಗಿ ಉಳಿದರು.

ಈ ನಡುವೆ ಎರಡನೆಯ ಯತ್ನವೂ ನಡೆದಿತ್ತು. ಈ ಬಾರಿ ಗುರುದತ್ತರು ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಬದುಕಿ ಉಳಿದಾಗ ಮನೋವೈದ್ಯರ ಸಹಾಯ ಪಡೆಯಬೇಕೆಂಬ ಸಲಹೆ ಬಂದಿತು. ಮನೆಯವರು ಮನೋವೈದ್ಯರೊಬ್ಬರನ್ನು ಕರೆಸಿದರು. ಆದರೆ ಮತ್ತೆ ಅವರನ್ನು ಕರೆಯಲಿಲ್ಲ. ಚಿಕಿತ್ಸೆ ಅಲ್ಲಿಗೇ ನಿಂತಿತು. ಗುರುದತ್ತರ ತಂಗಿ, ಹೆಸರಾಂತ ಚಿತ್ರಕಾರ್ತಿ ಲಲಿತಾ ಲಾಜ್ಮಿಯವರು ತಮ್ಮ ಇಳಿವಯಸ್ಸಿನಲ್ಲಿಯೂ ಇದನ್ನು ನೆನೆದು ಪಶ್ಚಾತ್ತಾಪ ಪಡುತ್ತಿದ್ದರು.

ಆ ಮನೆಯವರನ್ನು ದೂರುವುದು ನ್ಯಾಯವಲ್ಲ. ಅಂದು ಮನೋವೈದ್ಯರೆಂದರೆ ಹುಚ್ಚರ ವೈದ್ಯರೆಂದೇ ಜನ ತಿಳಿದಿದ್ದರು. ಅಲ್ಲದೆ ಆತ್ಮಹತ್ಯೆಗೆ ಯತ್ನಿಸುವುದು ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಶಿಕ್ಷಾರ್ಹ ಅಪರಾಧವಾಗಿತ್ತು. ನೊಂದವನನ್ನು ಆಸ್ಪತ್ರೆಗೆ ಒಯ್ದರೆ ಪೋಲೀಸರ ಭಯ, ಒಯ್ಯದಿದ್ದರೆ ಪ್ರಾಣದ ಭಯ. ಇಂಥ ಕಾಲದಲ್ಲಿ ಮರೆಮಾಚುವುದೇ ಮನೆಯವರಿಗೆ ಕಂಡ ದಾರಿ. ಇಂದು ಆ ಸ್ಥಿತಿಯಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಇಂಥವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದು ಭಾವಿಸಬೇಕೆಂದೂ, ಅವರ ಆರೈಕೆ ಸರ್ಕಾರದ ಕರ್ತವ್ಯವೆಂದೂ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಕಾನೂನು ಮನಸ್ಸು ಬದಲಿಸಿದೆ. ಇನ್ನು ಬದಲಾಗಬೇಕಾದವರು ನಾವು.

ಗುರುದತ್ತರ ಕಡೆಯ ವರ್ಷಗಳ ಒಂದು ಸಂಗತಿಯನ್ನು ಲಲಿತಾ ಲಾಜ್ಮಿಯವರು ಹೇಳಿಕೊಂಡಿದ್ದಾರೆ. ಅಣ್ಣ ಒಮ್ಮೊಮ್ಮೆ ಬಾ ಎಂದು ಕರೆಯುತ್ತಿದ್ದರು. ಅದು ನಡುರಾತ್ರಿಯಾದರೂ ತಂಗಿ ಓಡಿ ಹೋಗುತ್ತಿದ್ದರು. ಹೋದರೆ ಅಣ್ಣ ಏನನ್ನೂ ಹೇಳುತ್ತಿರಲಿಲ್ಲ, ಸುಮ್ಮನೆ ಕುಳಿತಿರುತ್ತಿದ್ದರು. ಏನೋ ಹೇಳಬೇಕೆಂದಿದ್ದಾರೆ ಎಂದು ತಂಗಿಗೆ ಅನ್ನಿಸುತ್ತಿತ್ತು. ಆದರೆ ಅವರು ಹೇಳಲೇ ಇಲ್ಲ. ನನ್ನ ಮಟ್ಟಿಗೆ ಗುರುದತ್ತರ ಇಡೀ ಜೀವನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿಯಿಲ್ಲ. ಬೇರೆ ಯಾವ ಕೆಲಸವೂ ಇಲ್ಲದೆ ಒಬ್ಬ ಮನುಷ್ಯ ನಡುರಾತ್ರಿಯಲ್ಲಿ ತನ್ನವರನ್ನು ಕರೆಯುತ್ತಾನೆಂದರೆ, ಆ ಕರೆಯೇ ಅವನ ಮಾತು. ನೋವು ಅತಿಯಾದಾಗ ಬಾಯಿ ಬರುವುದಿಲ್ಲ. ಆಗ ಮೊದಲ ಮಾತನ್ನು ನೊಂದವನಿಂದ ನಿರೀಕ್ಷಿಸದೆ ಎದುರಿಗಿದ್ದವರೇ ಆಡಬೇಕು. ಆ ತಂಗಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕೇಳಬೇಕೆಂದು, ಹೀಗೆ ಕೇಳಬೇಕೆಂದು ಆ ಕಾಲದಲ್ಲಿ ಅವರಿಗೆ ಕಲಿಸಿದವರಿರಲಿಲ್ಲ.

1964ರ ಅಕ್ಟೋಬರ್ 9ರ ಸಂಜೆ ಗುರುದತ್ತರು ತಮ್ಮ ಚಿತ್ರಗಳ ಸಾಹಿತಿ ಅಬ್ರಾರ್ ಅಲ್ವಿಯವರೊಡನೆ ‘ಬಹಾರೇಂ ಫಿರ್ ಭೀ ಆಯೇಂಗಿ’ ಎಂಬ ಚಿತ್ರದ ಕೆಲಸದಲ್ಲಿದ್ದರು. ರಾತ್ರಿ ಅಲ್ವಿಯವರು ಹೊರಟುಹೋದರು. 10ರ ಬೆಳಿಗ್ಗೆ ಗುರುದತ್ತರು ತಮ್ಮ ಕೋಣೆಯಲ್ಲಿ ನಿರ್ಜೀವರಾಗಿ ಕಂಡುಬಂದರು. ಅವರ ವಯಸ್ಸು ಆಗ ಬರಿಯ 39. ಸಾವಿನ ವಿವರಗಳಿಗೆ ನಾನು ಹೋಗುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಅದು ತಾವಾಗಿ ತಂದುಕೊಂಡದ್ದೇ, ಅರಿಯದೆ ಆದದ್ದೇ ಎಂಬ ಚರ್ಚೆ ಇಂದಿಗೂ ಉಂಟು. ಮರುದಿನಕ್ಕೆ ಅವರು ಬೇರೆಯವರೊಡನೆ ಭೇಟಿ ಗೊತ್ತುಮಾಡಿಕೊಂಡಿದ್ದರೆಂದೂ, ಆದ್ದರಿಂದ ಅದು ಆಕಸ್ಮಿಕವೆಂದೂ ಅವರ ಮಗ ನಂಬಿದ್ದರು. ಅದು ಹೇಗಾದರೂ ಇರಲಿ, ಅವರು ಅಪಾಯದಲ್ಲಿದ್ದರೆಂಬುದರಲ್ಲಿ ಎರಡು ಮಾತಿಲ್ಲ. ನಾಳೆಯ ಕೆಲಸವನ್ನು ಗೊತ್ತುಮಾಡಿಕೊಂಡವನ ಮನಸ್ಸಿನಲ್ಲಿಯೂ ಸಾಯುವ ಯೋಚನೆ ಇರಬಹುದು. ಬದುಕಬೇಕೆಂಬ ಆಸೆ, ಸಾಕೆಂಬ ಬೇಸರ ಎರಡೂ ಅಂಥವನೊಳಗೆ ಒಟ್ಟಿಗೇ ಜಗಳವಾಡುತ್ತಿರುತ್ತವೆ. ಸಹಾಯ ಮಾಡಲು ಅವಕಾಶವಿರುವುದು ಇದರಿಂದಲೇ: ಬದುಕಬೇಕೆಂಬ ಕಡೆಗೆ ಒಂದು ಕೈ ಸೇರಿದರೂ ತಕ್ಕಡಿ ಆ ಕಡೆ ವಾಲಬಹುದು.

ಇನ್ನು ಈ ಬಾಳಿನಿಂದ ನಾವು ಕಲಿಯಬೇಕಾದ ಗುರುತುಗಳನ್ನು ಒಂದೆಡೆ ಕೂಡಿಸೋಣ. ಹಿಂದೆ ಒಮ್ಮೆ ಇಂಥ ಯತ್ನ ಮಾಡಿರುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಕುಡಿತ ಹೆಚ್ಚುವುದು, ಜನರಿಂದ ದೂರ ಸರಿದು ಒಬ್ಬನೇ ಉಳಿಯುವುದು, ಪ್ರೀತಿಯಿಂದ ಮಾಡುತ್ತಿದ್ದ ಕೆಲಸವನ್ನು ಬಿಟ್ಟುಬಿಡುವುದು. ಇವೆಲ್ಲ ಗುರುದತ್ತರಲ್ಲಿ ಕಂಡವು. ವೈದ್ಯರು ಹೇಳುವ ಬೇರೆ ಗುರುತುಗಳೂ ಇವೆ. ತಾನು ಮನೆಗೆ ಭಾರವಾದೆನೆನ್ನುವುದು, ತಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದೆನ್ನುವುದು, ಸಾವಿನ ಮಾತನ್ನು ತಮಾಷೆಯಂತೆ ಆಡುವುದು, ಅಚ್ಚುಮೆಚ್ಚಿನ ವಸ್ತುಗಳನ್ನು ಕಾರಣವಿಲ್ಲದೆ ಹಂಚಿಬಿಡುವುದು, ಬೀಳ್ಕೊಡುವವನಂತೆ ಮಾತಾಡುವುದು. ಬಹಳ ದಿನ ಕಳವಳದಲ್ಲಿದ್ದವನು ಒಮ್ಮೆಗೇ ಶಾಂತನಾದರೆ ಅದನ್ನೂ ಗಮನಿಸಬೇಕು. ಇವುಗಳಲ್ಲಿ ಒಂದು ಕಂಡೊಡನೆ ಗಾಬರಿಯಾಗಬೇಕಿಲ್ಲ. ಹಲವು ಒಟ್ಟಿಗೆ ಕಂಡರೆ, ಮನುಷ್ಯ ಹಿಂದಿನಂತಿಲ್ಲವೆಂದು ಮನಸ್ಸಿಗೆ ತೋರಿದರೆ, ತಡಮಾಡಬಾರದು. ಬಾಯಿಬಿಟ್ಟು ಹೇಳುವವನು ಮಾಡಿಕೊಳ್ಳುವುದಿಲ್ಲವೆಂಬ ಮಾತು ನಮ್ಮ ಕಡೆ ಬಳಕೆಯಲ್ಲಿದೆ. ಅದು ಪೂರ್ಣ ಸುಳ್ಳು. ಹೇಳಿದವನ ಮಾತನ್ನು ನಿಜವೆಂದೇ ಎಣಿಸಬೇಕು.

ಗುರುತು ಕಂಡ ಮೇಲೆ ಮಾಡಬೇಕಾದದ್ದೇನು? ಕೇಳಬೇಕು. ಮರೆಯಲ್ಲಿ ಕರೆದು, ಪಕ್ಕದಲ್ಲಿ ಕುಳಿತು, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆಂಬ ಭಯ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದೂ, ನೊಂದವನಿಗೆ ಎಷ್ಟೋ ಹಗುರವಾಗುತ್ತದೆಂದೂ ಸಂಶೋಧನೆಗಳು ತೋರಿಸಿವೆ. ಕೇಳಿದ ಮೇಲೆ ಉಪದೇಶ ಮಾಡಬಾರದು, ತಂದೆತಾಯಿಯ ಮುಖ ನೋಡೆಂದು ಗದರಬಾರದು, ಹೇಡಿಯೆಂದು ಹಳಿಯಬಾರದು. ಅವನು ಹೇಳುವಷ್ಟನ್ನೂ ಕೇಳಿಸಿಕೊಳ್ಳಬೇಕು. ಯೋಚನೆ ಬಲವಾಗಿದ್ದರೆ ಅವನನ್ನು ಒಬ್ಬನನ್ನೇ ಬಿಡಬಾರದು. ಹೊಲಕ್ಕೆ ಹೊಡೆಯುವ ಎಣ್ಣೆಯೇ ಮೊದಲಾದ ಅಪಾಯದ ವಸ್ತುಗಳು ಕೈಗೆ ಸಿಗದಂತೆ ಮನೆಯವರು ಬೀಗ ಹಾಕಿಡಬೇಕು. ಯಾರಿಗೂ ಹೇಳಬೇಡವೆಂದು ಅವನು ಆಣೆ ಕೇಳಿದರೂ ಆ ಗುಟ್ಟನ್ನು ಇಟ್ಟುಕೊಳ್ಳಬಾರದು. ಗೆಳೆಯ ಕೋಪಿಸಿಕೊಂಡರೂ ಬದುಕಿರುವುದು ಮೇಲು.

ಗುರುದತ್ತರ ಕತೆ ಮುಂಬಯಿಯ ಬಂಗಲೆಗಳದ್ದಾದರೂ ಅದರ ಪಾಠ ನಮ್ಮ ಮಣ್ಣಿನ ಮಾಳಿಗೆ ಮನೆಗಳಿಗೂ ಸಲ್ಲುತ್ತದೆ. ಬೇವೂರಿನಂಥ ಒಣಬೇಸಾಯದ ಊರುಗಳಿಂದ ಬಂದ ನಮ್ಮಂಥವರ ಹೆಗಲ ಮೇಲೆ ಒಂದು ಮನೆಯ ಆಸೆಯೆಲ್ಲ ಕುಳಿತಿರುತ್ತದೆ. ಮಳೆ ಕೈಕೊಟ್ಟ ವರ್ಷವೂ ಅಪ್ಪ ಸಾಲ ಮಾಡಿ ಫೀಜು ಕಟ್ಟಿರುತ್ತಾನೆ. ಒಂದು ವಿಷಯದಲ್ಲಿ ನಪಾಸಾದರೆ ಯಾವ ಮುಖ ಹೊತ್ತು ಊರಿಗೆ ಹೋಗುವುದೆಂಬ ಚಿಂತೆಯನ್ನು ನಾನೂ ಬಲ್ಲೆ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕ ಹೇಳುತ್ತದೆ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇವರಲ್ಲಿ ಪ್ರತಿಯೊಬ್ಬನ ಪಕ್ಕದಲ್ಲಿಯೂ ನಮ್ಮಂಥ ಒಬ್ಬ ಗೆಳೆಯನಿದ್ದಿರಬೇಕು.

ಕಳೆದ ವರ್ಷ ನನ್ನ ಒಬ್ಬ ಗೆಳೆಯ ಸಂಜೆಯ ಹೊತ್ತು ಬಸ್ಸಿಗೆ ಕಾಯುವಾಗ ನನ್ನ ಪಕ್ಕ ಬಂದು ಕುಳಿತುಕೊಳ್ಳುತ್ತಿದ್ದ. ಒಂದು ಬಸ್ಸು ಹೋದರೂ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ತನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟ. ಸೋಮಾರಿಯಾದನೆಂದು ನಾನು ನಕ್ಕೆ. ಆಗಲೇ ಗುರುದತ್ತರ ತಂಗಿಯ ಸಂಗತಿಯನ್ನು ಎಲ್ಲಿಯೋ ಓದಿದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅವನನ್ನು ಕೇಳಿಯೇಬಿಟ್ಟೆ. ಕೇಳುವಾಗ ನನ್ನ ನಾಲಿಗೆ ಒಣಗಿತ್ತು. ಅವನು ಬಹಳ ಹೊತ್ತು ಅತ್ತ. ಮೂರು ತಿಂಗಳಿಂದ ಯಾರಾದರೂ ಕೇಳಲೆಂದು ಕಾಯುತ್ತಿದ್ದೆನೆಂದ. ನಾನು ಪಂಡಿತನಲ್ಲ, ನನಗೆ ತೋಚಿದ್ದು ನಮ್ಮ ಅಧ್ಯಾಪಕರೊಬ್ಬರಿಗೆ ತಿಳಿಸುವುದೊಂದೇ. ಅವರು ಅವನ ಅಣ್ಣನನ್ನು ಕರೆಸಿ ವೈದ್ಯರಲ್ಲಿಗೆ ಕಳುಹಿಸಿದರು. ಗುಣವಾಗಲು ತಿಂಗಳುಗಳೇ ಹಿಡಿದವು; ಒಂದೆರಡು ಸಲ ಮತ್ತೆ ಕುಸಿದದ್ದೂ ಉಂಟು. ಈ ವರ್ಷ ಅವನೂ ಪರೀಕ್ಷೆಗೆ ಕೂಡುತ್ತಿದ್ದಾನೆ. ಅವನ ಒಪ್ಪಿಗೆಯಿಂದಲೇ ಇಷ್ಟನ್ನು ಬರೆದಿದ್ದೇನೆ.

ಗುರುದತ್ತರ ಕಾಲದಲ್ಲಿ ಇಲ್ಲದ ಸಹಾಯ ಇಂದು ನಮ್ಮ ಕೈಗೆಟಕುವಂತಿದೆ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟು ನೋಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾವ ಹೊತ್ತಿನಲ್ಲಿ ಫೋನು ಮಾಡಿದರೂ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಮಾತಾಡುತ್ತಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ನೊಂದವನೇ ಮಾಡಬೇಕೆಂದಿಲ್ಲ; ಅವನ ಬಗೆಗೆ ಚಿಂತೆಯಿರುವ ಗೆಳೆಯನೂ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಪೂಜ್ಯ ಅಧ್ಯಾಪಕರಲ್ಲಿಯೂ ಒಂದು ಬಿನ್ನಹ: ಹಾಜರಿ ಕರೆಯುವಾಗ ವಾರಗಟ್ಟಲೆ ಉತ್ತರ ಬಾರದ ಹೆಸರೊಂದಿದ್ದರೆ, ದಂಡ ಹಾಕುವ ಮೊದಲು ಆ ಹುಡುಗನನ್ನು ಅಥವಾ ಹುಡುಗಿಯನ್ನು ಒಮ್ಮೆ ಕರೆದು ಮಾತಾಡಿಸಬೇಕು.

ಅಕ್ಟೋಬರ್ 10ನ್ನು 1992ರಿಂದ ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಆಚರಿಸುತ್ತಾರೆ. 2022ರಲ್ಲಿ ಟೆಲಿ ಮಾನಸ್ ಆರಂಭವಾದದ್ದೂ ಅದೇ ದಿನ. ಗುರುದತ್ತರು ತೀರಿಕೊಂಡ ದಿನವೇ ಹೀಗೆ ಒದಗಿಬಂದದ್ದು ಕಾಕತಾಳೀಯ. ಅವರು ಬಿಟ್ಟುಹೋದ ‘ಬಹಾರೇಂ ಫಿರ್ ಭೀ ಆಯೇಂಗಿ’ ಚಿತ್ರವನ್ನು ಬೇರೊಬ್ಬ ನಾಯಕನಟನನ್ನು ಹಾಕಿ ಮುಗಿಸಿ 1966ರಲ್ಲಿ ತೆರೆಗೆ ತಂದರು. ವಸಂತ ಮತ್ತೆ ಬಂದೇ ಬರುತ್ತದೆಂಬುದು ಆ ಹೆಸರಿನ ಅರ್ಥ. ಚಿತ್ರವನ್ನು ಬೇರೆಯವರು ಮುಗಿಸಬಹುದು. ಹೋದ ಮನುಷ್ಯನ ಬಾಳನ್ನು ಮುಗಿಸಿಕೊಡಲು ಯಾರಿಂದಲೂ ಆಗದು. ಆದ್ದರಿಂದ ಗೆಳೆಯರೇ, ನಿಮ್ಮ ಪಕ್ಕದಲ್ಲಿ ಯಾರಾದರೂ ಬಂದು ಮಾತಿಲ್ಲದೆ ಕುಳಿತರೆ ಎದ್ದು ಹೋಗಬೇಡಿರಿ. ಬಸ್ಸು ಹೋದರೆ ಹೋಗಲಿ. ಕೇಳಿರಿ.